ಎಲೆಕ್ಟ್ರಾನ್-ಪಾಸಿಟ್ರಾನ್ ಸಂಘಟ್ಟನೆಯ ಮಾಪನಗಳು: ಒಂದು ಆಧಾರವಿಮರ್ಶೆ

ಚರಿತ್ರೆಯ ಅಧ್ಯಾಪಕರು ಭೌತವಿಜ್ಞಾನದ ವಿಷಯವೊಂದನ್ನು ಎತ್ತಿಕೊಂಡು ಬರೆಯಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆ ಶಾಸ್ತ್ರದ ಗಣಿತಭಾಗದಲ್ಲಿ ನಮಗೆ ಪ್ರವೇಶವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಒಂದು ಸಂಗತಿ ಯಾವ ಆಧಾರಗಳ ಮೇಲೆ ನಿರ್ಣಯವಾಯಿತು, ಆ ಆಧಾರಗಳು ಒಂದನ್ನೊಂದು ಅವಲಂಬಿಸಿದ್ದುವೆ ಅಥವಾ ಸ್ವತಂತ್ರವಾಗಿದ್ದುವೆ, ಅವುಗಳನ್ನು ಮುಂದಿನವರು ಪುನಃ ಪರೀಕ್ಷಿಸುವಂತೆ ಕಾಪಾಡಲಾಯಿತೆ ಎಂದು ಕೇಳುವುದು ಚರಿತ್ರಕಾರನ ನಿತ್ಯದ ಕೆಲಸ. ಪ್ರಯೋಗಶಾಲೆಯಲ್ಲಿ ದೊರೆತ ಒಂದು ಸಂಖ್ಯೆಯ ವಿಷಯದಲ್ಲಿಯೂ ಈ ಪ್ರಶ್ನೆಗಳು ಸಲ್ಲುತ್ತವೆ.

ಪ್ರಸ್ತುತ ಲೇಖನಕ್ಕೆ ಕಾರಣನಾದವನು ಒಬ್ಬ ವಿದ್ಯಾರ್ಥಿ. ಆಧುನಿಕ ವಿಜ್ಞಾನದ ಚರಿತ್ರೆಯನ್ನು ಕುರಿತ ಪಾಠವೊಂದರಲ್ಲಿ, ಹಗುರವಾದ ನ್ಯೂಟ್ರಿನೊಗಳು ಮೂರೇ ಬಗೆಯೆಂಬುದು ೧೯೮೯ರಲ್ಲಿ ಸ್ಥಾಪಿತವಾಯಿತೆಂದು ನಾವು ಹೇಳಿದೆವು. ತಾನು ಓದಿದ ಮತ್ತೊಂದು ಪುಸ್ತಕದಲ್ಲಿ ಆ ಸಂಖ್ಯೆ ಮೂರೆಂದಲ್ಲ, ೨.೯೮೪ ಎಂದು ಇದೆಯಲ್ಲ, ಎರಡರಲ್ಲಿ ಯಾವುದು ಸರಿ ಎಂದು ಆತನು ಕೇಳಿದನು. ಅಂದು ನಾವು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಆಮೇಲೆ ವಿಷಯವನ್ನು ಹಿಡಿದು ಓದುತ್ತ ಹೋದಂತೆ, ಆ ಸಣ್ಣ ವ್ಯತ್ಯಾಸದ ಹಿಂದೆ ಆಧಾರವಿಮರ್ಶೆಯ ಒಂದು ಉತ್ತಮ ನಿದರ್ಶನವಿದೆಯೆಂಬುದೂ, ಪಠ್ಯಪುಸ್ತಕಗಳೂ ಜನಪ್ರಿಯ ಬರಹಗಳೂ ಅದನ್ನು ಬಿಟ್ಟುಬಿಡುತ್ತಿವೆಯೆಂಬುದೂ ನಮಗೆ ಮನವರಿಕೆಯಾಯಿತು. ನಾಲ್ವರು ಸಾಕ್ಷಿಗಳು ಒಂದೇ ಮಾತನ್ನಾಡಿದ ಮಾತ್ರಕ್ಕೆ ಆ ಮಾತು ನಾಲ್ಮಡಿ ಸತ್ಯವಾಗುವುದಿಲ್ಲ. ನಾಲ್ವರ ಕೈಯಲ್ಲಿದ್ದ ಅಳತೆಗೋಲು ಒಂದೆಯೆ ಎಂದು ಮೊದಲು ನೋಡಬೇಕು. ಈ ಲೇಖನದಲ್ಲಿ ನಾವು ಪ್ರತಿಪಾದಿಸತಕ್ಕದ್ದು ಇಷ್ಟೆ.

೧. ಪೂರ್ವಪೀಠಿಕೆ

ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯೂ ಅದಕ್ಕೆ ವಿರುದ್ಧವಾದ ವಿದ್ಯುದಂಶವೂ ಉಳ್ಳ ಕಣವೊಂದು ಇರಬೇಕೆಂದು ಡಿರಾಕ್ ಅವರು ೧೯೩೧ರಲ್ಲಿ ಸೂಚಿಸಿದರು. ಮರುವರ್ಷವೇ ಅಮೆರಿಕದಲ್ಲಿ ಕಾರ್ಲ್ ಆಂಡರ್ಸನ್ ಅವರು ವಿಶ್ವಕಿರಣಗಳ ಛಾಯಾಚಿತ್ರಗಳಲ್ಲಿ ಅದರ ಜಾಡನ್ನು ಕಂಡರು. ಇದೇ ಪಾಸಿಟ್ರಾನ್. ಎಲೆಕ್ಟ್ರಾನೂ ಪಾಸಿಟ್ರಾನೂ ಎದುರಾದಾಗ ಎರಡೂ ಅಳಿದು ಶುದ್ಧ ಶಕ್ತಿಯಾಗಬಹುದು. ಆ ಶಕ್ತಿಯಿಂದ ಹೊಸ ಕಣಗಳು ಹುಟ್ಟಬಹುದು. ಅಥವಾ ಎರಡೂ ಅಳಿಯದೆ ಒಂದನ್ನೊಂದು ಬಾಗಿಸಿ ಚದರಿಹೋಗಬಹುದು. ಈ ಎರಡನೆಯ ಘಟನೆಯ ಲೆಕ್ಕವನ್ನು, ಅಳಿದು ಮರಳಿ ಹುಟ್ಟುವ ಸಾಧ್ಯತೆಯನ್ನೂ ಕೂಡಿಸಿಕೊಂಡು, ಮೊದಲು ಸರಿಯಾಗಿ ಮಾಡಿದವರು ಆಗ ಕೇಂಬ್ರಿಜ್‌ನಲ್ಲಿದ್ದ ತರುಣ ಹೋಮಿ ಭಾಭಾ ಅವರು. ಅವರ ಪ್ರಬಂಧ ೧೯೩೬ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅಂದಿನಿಂದ ಈ ಘಟನೆಗೆ ಭಾಭಾ ಚದರಿಕೆಯೆಂದೇ ಹೆಸರು. ೧೯೩೯ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದ ಅವರು ಯುದ್ಧದ ಕಾರಣದಿಂದ ಹಿಂದಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆಯನ್ನು ಆರಂಭಿಸಿದುದೂ, ೧೯೪೫ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಆ ಆವರಣದಲ್ಲಿಯೇ ಮೊಳೆತು ಮುಂಬಯಿಗೆ ಹೋದುದೂ ನಮ್ಮ ನಾಡಿನ ವಾಚಕರಿಗೆ ತಿಳಿದ ಸಂಗತಿ. ಕೇಂಬ್ರಿಜ್‌ನಲ್ಲಿ ಅವರು ಮಾಡಿದ ಆ ಲೆಕ್ಕ ಅರ್ಧ ಶತಮಾನದ ಮೇಲೆ ಒಂದು ಮಹಾಯಂತ್ರದ ಅಳತೆಗೋಲಾಯಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಎರಡು ಬಗೆಯ ಕಣಗಳನ್ನೂ ಒಂದೇ ವರ್ತುಲದಲ್ಲಿ ಎದುರುಬದುರಾಗಿ ಓಡಿಸಿ ಡಿಕ್ಕಿಹೊಡೆಸುವ ಆಲೋಚನೆಯನ್ನು ೧೯೬೦ರಲ್ಲಿ ಇಟಲಿಯ ಫ್ರಾಸ್ಕಾಟಿಯಲ್ಲಿ ಮುಂದಿಟ್ಟವರು ವಿಯೆನ್ನಾ ಮೂಲದ ಬ್ರೂನೊ ಟೌಶೆಕ್ ಅವರು. ಒಂದೇ ವರ್ಷದೊಳಗೆ ಆಡಾ ಎಂಬ ಯಂತ್ರ ಸಿದ್ಧವಾಯಿತು. ಒಂದು ಕೊಠಡಿಯೊಳಗೆ ಇಡಬಹುದಾದಷ್ಟು ಚಿಕ್ಕದಾದ ಆ ವರ್ತುಲದಲ್ಲಿ ಪ್ರತಿಯೊಂದು ಕಣಕ್ಕೂ ೨೫ ಕೋಟಿ ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯನ್ನು ಕೊಡುವ ಯೋಜನೆಯಿತ್ತು. ವರ್ತುಲದಲ್ಲಿ ಸುತ್ತುವ ಎಲೆಕ್ಟ್ರಾನು ಬೆಳಕನ್ನು ಸೂಸುತ್ತದೆ. ಆ ಬೆಳಕನ್ನು ದ್ಯುತಿಸಂವೇದಿ ನಳಿಗೆಯಿಂದ ಅಳೆಯುತ್ತಿದ್ದಾಗ, ಕಣಗಳು ಒಂದೊಂದಾಗಿ ನಷ್ಟವಾದಂತೆಲ್ಲ ಅಳತೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವುದು ಕಂಡಿತು. ಒಂದು ಮೆಟ್ಟಿಲೆಂದರೆ ಒಂದು ಎಲೆಕ್ಟ್ರಾನ್. ಹೀಗೆ ಬೆಳಕನ್ನು ಅಳೆದು ಕಣಗಳನ್ನು ಎಣಿಸುವ ಮಾರ್ಗ ದೊರೆಯಿತು.

ಹೆಚ್ಚು ಕಣಗಳನ್ನು ತುಂಬುವ ಸಲುವಾಗಿ ೧೯೬೨ರಲ್ಲಿ ಆ ಯಂತ್ರವನ್ನು ಫ್ರಾನ್ಸಿನ ಓರ್ಸೆಗೆ ಸಾಗಿಸಲಾಯಿತು. ಅಲ್ಲಿ ೧೯೬೩-೬೪ರಲ್ಲಿ ನಡೆದ ಪ್ರಯೋಗದ ಗುರಿ ಹೊಸ ಕಣವನ್ನು ಹುಡುಕುವುದಾಗಿರಲಿಲ್ಲ. ಎರಡು ಪುಂಜಗಳು ನಿಜವಾಗಿಯೂ ಸಂಧಿಸುತ್ತಿವೆಯೆ ಎಂಬುದೇ ಅಲ್ಲಿ ಸಿದ್ಧವಾಗಬೇಕಾಗಿತ್ತು. ಕಣಗಳು ಒಂದರ ಬಳಿ ಒಂದು ಹಾದುಹೋಗುವಾಗ ಹೊಮ್ಮುವ ಪ್ರಬಲ ಗ್ಯಾಮಾ ಕಿರಣಗಳನ್ನು ಶೋಧಕದಿಂದ ಎಣಿಸಿದರು. ನಿರ್ವಾತದಲ್ಲಿ ಅಳಿದುಳಿದ ಅನಿಲಕ್ಕೆ ತಾಕಿಯೂ ಅಂಥ ಕಿರಣಗಳು ಹುಟ್ಟಬಹುದಾದುದರಿಂದ, ಎರಡು ಪುಂಜಗಳ ಗಾತ್ರವೂ ಹೆಚ್ಚಿದಂತೆ ಎಣಿಕೆ ಹೇಗೆ ಹೆಚ್ಚುತ್ತದೆಂಬುದನ್ನು ನೋಡಿ ಎರಡನ್ನೂ ಬೇರ್ಪಡಿಸಿದರು. ಈ ಶಾಸ್ತ್ರಶಾಖೆಯಲ್ಲಿ ಯಂತ್ರವು ಮೊದಲು ತನ್ನನ್ನೇ ಸಾಕ್ಷಿಕಟ್ಟೆಗೆ ಏರಿಸಿಕೊಂಡಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇದಕ್ಕೆ ಪೂರಕವಾದ ಇನ್ನೊಂದು ಪ್ರಸಂಗವುಂಟು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದ ಸ್ಪಿಯರ್ ಎಂಬ ವರ್ತುಲದಲ್ಲಿ ೧೯೭೪ರಲ್ಲಿ ಶಕ್ತಿಯನ್ನು ೦.೨ ಜಿ.ಇ.ವಿ. ಅಂತರದಲ್ಲಿ ಏರಿಸುತ್ತ ಅಳತೆಗಳನ್ನು ಮಾಡಿದರು. ಒಂದು ಜಿ.ಇ.ವಿ. ಎಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್. ೩.೧ ಜಿ.ಇ.ವಿ.ಯ ಬಳಿ ಬೇರೆ ಬೇರೆ ಓಟಗಳಲ್ಲಿ ದೊರೆತ ಎಣಿಕೆಗಳು ಪರಸ್ಪರ ಹೊಂದಲಿಲ್ಲ. ಇಂಥ ಅಸಂಗತಿಯನ್ನು ಸರಾಸರಿಯಲ್ಲಿ ಮುಳುಗಿಸಿಬಿಡುವುದು ಸುಲಭ. ಹಾಗೆ ಮಾಡದೆ ನವೆಂಬರಿನಲ್ಲಿ ಅದೇ ಸ್ಥಾನಕ್ಕೆ ಹಿಂದಿರುಗಿ, ಅತಿ ಸಣ್ಣ ಅಂತರಗಳಲ್ಲಿ ಅಳೆದಾಗ, ಸುತ್ತಲ ಮಟ್ಟಕ್ಕಿಂತ ಬಹುಪಾಲು ಎತ್ತರವಾದ ಕಿರಿದಾದ ಶಿಖರವೊಂದು ಕಾಣಿಸಿತು. ಅದೇ ಸಮಯದಲ್ಲಿ ಬ್ರೂಕ್‌ಹೇವನ್ನಿನಲ್ಲಿ ಸ್ಯಾಮ್ಯುಯೆಲ್ ಟಿಂಗ್ ಅವರ ತಂಡವೂ ಆ ಕಣವನ್ನು ಬೇರೊಂದು ಮಾರ್ಗದಿಂದ ಕಂಡಿತ್ತು. ಸ್ಪಿಯರಿನ ಬರ್ಟನ್ ರಿಕ್ಟರ್ ಅವರಿಗೂ ಟಿಂಗ್ ಅವರಿಗೂ ೧೯೭೬ರ ನೊಬೆಲ್ ಬಹುಮಾನ ಸಂದಿತು. ಇಲ್ಲಿ ಗಮನಾರ್ಹವಾದುದೇನೆಂದರೆ, ಎರಡು ಪ್ರಯೋಗಗಳ ವಿಧಾನಗಳು ಬೇರೆಬೇರೆಯಾಗಿದ್ದುವು. ಒಂದರ ದೋಷ ಇನ್ನೊಂದಕ್ಕೆ ಅಂಟುವಂತಿರಲಿಲ್ಲ. ಸ್ವತಂತ್ರ ಸಾಕ್ಷ್ಯವೆಂದು ಕರೆಯಬೇಕಾದದ್ದು ಇದನ್ನು.

೨. ಲೆಪ್ ಯಂತ್ರ ಮತ್ತು ಮೂರರ ಪ್ರಶ್ನೆ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಜಿನೀವಾದ ಬಳಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಕೆಳಗೆ, ಸರ್ನ್ ಸಂಸ್ಥೆಯವರು ಕೊರೆಸಿದ ಸುಮಾರು ೨೭ ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಲೆಪ್ ಯಂತ್ರ ೧೯೮೯ರಲ್ಲಿ ಕೆಲಸ ಆರಂಭಿಸಿತು. ವರ್ತುಲದ ನಾಲ್ಕು ಸ್ಥಾನಗಳಲ್ಲಿ ಆಲೆಫ್, ಡೆಲ್ಫಿ, ಎಲ್-೩, ಓಪಲ್ ಎಂಬ ನಾಲ್ಕು ಬೃಹತ್ ಶೋಧಕಗಳಿದ್ದುವು. ಎಲ್-೩ರ ತಂಡದಲ್ಲಿ ಮುಂಬಯಿಯ ಟಾಟಾ ಸಂಸ್ಥೆಯವರೂ ಇದ್ದರು. ೧೯೮೯ರಿಂದ ೧೯೯೫ರವರೆಗೆ ಈ ನಾಲ್ಕೂ ಸೇರಿ ಜ಼ಡ್ ಎಂಬ ಭಾರವಾದ ಕಣದ ಸುಮಾರು ೧ ಕೋಟಿ ೭೦ ಲಕ್ಷ ವಿಘಟನೆಗಳನ್ನು ದಾಖಲಿಸಿದುವು.

ನ್ಯೂಟ್ರಿನೊ ಯಾವ ಶೋಧಕಕ್ಕೂ ಸಿಲುಕದೆ ಹೊರಟುಹೋಗುವ ಕಣ. ಕಾಣದ್ದನ್ನು ಎಣಿಸಿದುದು ಹೇಗೆ? ಜ಼ಡ್ ಕಣ ಹಲವು ಬಗೆಯಾಗಿ ಒಡೆಯುತ್ತದೆ. ಕೆಲವು ಬಗೆಗಳು ಕಾಣುತ್ತವೆ, ನ್ಯೂಟ್ರಿನೊಗಳಾಗಿ ಒಡೆಯುವ ಬಗೆ ಕಾಣುವುದಿಲ್ಲ. ಕಾಣದ ದಾರಿಗಳು ಹೆಚ್ಚಿದಷ್ಟೂ ಕಾಣುವ ಘಟನೆಗಳು ಕಡಮೆಯಾಗಬೇಕು. ಶಕ್ತಿಯನ್ನು ಏರಿಸುತ್ತ ಇಳಿಸುತ್ತ ಅಳೆದಾಗ ೯೧ ಜಿ.ಇ.ವಿ.ಗೆ ತುಸು ಮೇಲೆ ಒಂದು ಶಿಖರ ಕಾಣುತ್ತದೆ; ನ್ಯೂಟ್ರಿನೊ ಬಗೆಗಳು ಹೆಚ್ಚಾದಂತೆ ಆ ಶಿಖರ ತಗ್ಗುತ್ತದೆ. ಶಿಖರದ ಎತ್ತರವನ್ನು ನಿಷ್ಕೃಷ್ಟವಾಗಿ ಅಳೆದರೆ ಕಾಣದ ಬಗೆಗಳ ಸಂಖ್ಯೆ ಗಣಿತದಿಂದ ಹೊರಬೀಳುತ್ತದೆ. ೧೯೮೯ರ ಶರತ್ಕಾಲದಲ್ಲಿಯೇ ಆಲೆಫ್ ತಂಡ ೩.೨೭ ± ೦.೩೦ ಎಂದೂ, ಸ್ಟ್ಯಾನ್‌ಫರ್ಡಿನ ಬೇರೊಂದು ಯಂತ್ರದಲ್ಲಿ ಮಾರ್ಕ್-೨ ಎಂಬ ತಂಡ ೨.೮ ± ೦.೬ ಎಂದೂ ಪ್ರಕಟಿಸಿದುವು. ಪೂರ್ಣಾಂಕ ಮೂರೇ ಎಂಬುದರಲ್ಲಿ ಹೆಚ್ಚಿನ ಸಂದೇಹ ಉಳಿಯಲಿಲ್ಲ.

ಪಠ್ಯಪುಸ್ತಕಗಳ ಕಥೆ ಇಲ್ಲಿಗೆ ಮುಗಿಯುತ್ತದೆ. ಪ್ರಯೋಗಕಾರರ ಕೆಲಸ ಮುಂದುವರಿಯಿತು. ಶಿಖರವನ್ನು ಅಳೆಯಲು ಎರಡು ಅಳತೆಗೋಲುಗಳು ಬೇಕು: ಕಣಗಳ ಶಕ್ತಿ ಎಷ್ಟೆಂದು ತಿಳಿಯಲು ಒಂದು, ಪುಂಜಗಳು ಎಷ್ಟು ದಟ್ಟವಾಗಿ ಎಷ್ಟು ಸಲ ಸಂಧಿಸಿದುವೆಂದು ತಿಳಿಯಲು ಇನ್ನೊಂದು. ನಮ್ಮ ಶಾಸನಗಳಲ್ಲಿ ಇಷ್ಟು ಮತ್ತರು ಭೂಮಿಯನ್ನು ದತ್ತಿ ಬಿಟ್ಟರೆಂದು ಓದಿದಾಗ, ಅದನ್ನು ಯಾವ ಕೋಲಿನಿಂದ ಅಳೆದರೆಂದು ನಾವು ಕೇಳಬೇಕಾಗುತ್ತದೆ. ಕೋಲು ಊರಿನಿಂದೂರಿಗೆ ಬೇರೆಯಾದುದರಿಂದ ಮತ್ತರಿನ ಗಾತ್ರವೂ ಬೇರೆಯಾಗುತ್ತಿತ್ತು. ಲೆಪ್‌ನಲ್ಲಿಯೂ ಅದೇ ಪ್ರಶ್ನೆ ಎದ್ದಿತು.

೩. ಮೊದಲನೆಯ ಅಳತೆಗೋಲು: ಶಕ್ತಿ

ವರ್ತುಲದಲ್ಲಿ ಬಹುಕಾಲ ಸುತ್ತುವ ಎಲೆಕ್ಟ್ರಾನುಗಳ ಸ್ಪಿನ್ನುಗಳು ತಾವಾಗಿಯೇ ಒಂದು ದಿಕ್ಕಿಗೆ ಸ್ವಲ್ಪಮಟ್ಟಿಗೆ ಹೊಂದಿಕೊಳ್ಳುತ್ತವೆ. ಲೆಪ್‌ನ ಆ ಶಕ್ತಿಯಲ್ಲಿ ಎಲೆಕ್ಟ್ರಾನು ಒಂದು ಸುತ್ತು ಬರುವಷ್ಟರಲ್ಲಿ ಅದರ ಸ್ಪಿನ್ನಿನ ಅಕ್ಷ ಸುಮಾರು ೧೦೩ ಸಾರಿ ತಿರುಗುತ್ತದೆ; ಈ ಸಂಖ್ಯೆ ಶಕ್ತಿಯೊಡನೆ ನೇರವಾಗಿ ಏರುತ್ತದೆ. ಹೊರಗಿನಿಂದ ಒಂದು ಆಂದೋಲಿತ ಕಾಂತಕ್ಷೇತ್ರವನ್ನು ಕೊಟ್ಟು, ಅದರ ಆವರ್ತನವನ್ನು ಮೆಲ್ಲನೆ ಬದಲಿಸುತ್ತ ಹೋದರೆ, ಸ್ಪಿನ್ನಿನ ತಿರುಗುವಿಕೆಗೆ ಅದು ಸರಿಹೊಂದಿದ ಕ್ಷಣದಲ್ಲಿ ಆ ಹೊಂದಿಕೆ ನಾಶವಾಗುತ್ತದೆ. ಲೇಸರ್ ಬೆಳಕನ್ನು ಪುಂಜಕ್ಕೆ ಹಾಯಿಸಿ, ಚದರಿಬಂದ ಕಿರಣಗಳ ಹಂಚಿಕೆಯಿಂದ ಆ ಕ್ಷಣವನ್ನು ಪತ್ತೆಮಾಡುತ್ತಿದ್ದರು. ಆವರ್ತನವನ್ನು ಅತಿ ಸೂಕ್ಷ್ಮವಾಗಿ ಅಳೆಯಬಹುದಾದುದರಿಂದ ಶಕ್ತಿಯೂ ಅಷ್ಟೇ ಸೂಕ್ಷ್ಮವಾಗಿ ತಿಳಿಯಿತು.

ಆದರೆ ಈ ಮಾಪನವನ್ನು ಸಂಘಟ್ಟನೆ ನಡೆಯುತ್ತಿರುವ ಎಲ್ಲ ಹೊತ್ತಿನಲ್ಲಿಯೂ ಮಾಡಲಾಗುತ್ತಿರಲಿಲ್ಲ. ಒಂದು ಹೊತ್ತಿನಲ್ಲಿ ಮಾಡಿದ ಅಳತೆ ಇನ್ನೊಂದು ಹೊತ್ತಿಗೂ ಸಲ್ಲಬೇಕಾದರೆ ನಡುವೆ ಏನೂ ಬದಲಾಗಬಾರದು. ಬದಲಾಗುತ್ತಿದ್ದುದು ಮೊದಲು ಕಂಡದ್ದು ಚಂದ್ರನಿಂದ. ಸಮುದ್ರವನ್ನು ಉಬ್ಬಿಸುವ ಆಕರ್ಷಣೆ ಗಟ್ಟಿ ನೆಲವನ್ನೂ ಉಬ್ಬಿಸುತ್ತದೆ. ೨೭ ಕಿಲೋಮೀಟರಿನ ವರ್ತುಲ ಸುಮಾರು ಒಂದು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತಿತ್ತು. ಅಷ್ಟರಿಂದ ಪುಂಜದ ಶಕ್ತಿ ೦.೦೧ ಜಿ.ಇ.ವಿ.ಯ ಸುಮಾರಿಗೆ ಏರಿಳಿಯುತ್ತಿತ್ತೆಂಬುದು ೧೯೯೨ರ ಮಾಪನಗಳಲ್ಲಿ ನಿಶ್ಚಯವಾಯಿತು. ಮಳೆಯ ನೀರು ನೆಲದಲ್ಲಿ ಇಂಗಿದಾಗ, ಜಿನೀವಾ ಸರೋವರದ ಮಟ್ಟ ಬದಲಾದಾಗಲೂ ಇಂಥ ಹಿಗ್ಗುಕುಗ್ಗುಗಳಾಗುತ್ತಿದ್ದುವು.

೧೯೯೫ರಲ್ಲಿ ಮತ್ತೊಂದು ಕಾರಣ ಬೆಳಕಿಗೆ ಬಂದಿತು. ಕಾಂತಗಳ ಒಳಗೆ ಇಟ್ಟ ಸೂಕ್ಷ್ಮಮಾಪಕಗಳು ಹಗಲೆಲ್ಲ ಚಂಚಲವಾಗಿದ್ದು, ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಮಾತ್ರ ಶಾಂತವಾಗುತ್ತಿದ್ದುವು. ಜಿನೀವಾದಿಂದ ಹೊರಡುವ ವಿದ್ಯುತ್ ರೈಲುಗಳ ಹಳಿಗಳಿಂದ ನೆಲಕ್ಕೆ ಸೋರಿದ ವಿದ್ಯುತ್ತು ಲೆಪ್‌ನ ನಿರ್ವಾತನಾಳದ ಮೂಲಕ ಹರಿದು, ಕಾಂತಕ್ಷೇತ್ರವನ್ನು ದಿನದ ಹೊತ್ತು ಕಳೆದಂತೆ ಮೆಲ್ಲನೆ ಏರಿಸುತ್ತಿತ್ತು. ಈ ಸಂಗತಿ ತಿಳಿದ ಮೇಲೆ ಹಿಂದಿನ ವರ್ಷಗಳ ಲೆಕ್ಕವನ್ನೂ ಪುನಃ ಪರಿಶೀಲಿಸಬೇಕಾಯಿತು. ಇಷ್ಟೆಲ್ಲ ಶ್ರಮದ ಫಲವಾಗಿ ಜ಼ಡ್ ಕಣದ ದ್ರವ್ಯರಾಶಿ ೯೧.೧೮೭೫ ± ೦.೦೦೨೧ ಜಿ.ಇ.ವಿ. ಎಂದು, ಅಂದರೆ ಲಕ್ಷದಲ್ಲಿ ಎರಡು ಮೂರು ಪಾಲಿನ ಅನಿಶ್ಚಿತತೆಯೊಡನೆ, ನಿರ್ಧಾರವಾಯಿತು.

ಜನಪ್ರಿಯ ಬರಹಗಳು ಚಂದ್ರನನ್ನೂ ರೈಲನ್ನೂ ವಿನೋದದ ಕಥೆಗಳನ್ನಾಗಿ ಹೇಳುತ್ತವೆ. ಅವು ರಂಜಕವಾಗಿರುವುದೇನೋ ನಿಜ. ಆದರೆ ಅವನ್ನು ಪಕ್ಕದ ಸ್ವಾರಸ್ಯವೆಂದು ಹೇಳಿ ಬಿಡುವುದು ವಿಷಯಕ್ಕೆ ಮಾಡುವ ಅನ್ಯಾಯ. ಆ ಸಂಖ್ಯೆಯ ಕೊನೆಯ ಅಂಕಗಳು ಎಷ್ಟು ಜ಼ಡ್ ಕಣದಿಂದ ಬಂದುವೋ ಅಷ್ಟೇ ಈ ವಿಚಾರಣೆಯಿಂದಲೂ ಬಂದುವು. ಶಾಸನದ ಕಾಲನಿರ್ಣಯದಲ್ಲಿ ತಿಥಿ, ವಾರ, ಗ್ರಹಣಗಳು ಹೊಂದುತ್ತವೆಯೆ ಎಂದು ನೋಡುವುದು ಹೇಗೆ ಪೀಠಿಕೆಯ ಅಲಂಕಾರವಲ್ಲವೋ ಹಾಗೆಯೇ ಇದೂ ಸಹ.

೪. ಎರಡನೆಯ ಅಳತೆಗೋಲು: ಭಾಭಾ ಚದರಿಕೆ

ಪುಂಜಗಳು ಸಂಧಿಸುವ ದಟ್ಟತೆಯನ್ನು ಶಾಸ್ತ್ರಜ್ಞರು ಲುಮಿನಾಸಿಟಿ ಎನ್ನುತ್ತಾರೆ. ಇದನ್ನು ಅಳೆಯುವ ಉಪಾಯ, ಸಿದ್ಧಾಂತದಿಂದ ಚೆನ್ನಾಗಿ ತಿಳಿದಿರುವ ಒಂದು ಘಟನೆ ಎಷ್ಟು ಸಲ ಆಯಿತೆಂದು ಎಣಿಸುವುದು. ಆ ಘಟನೆಯೇ ಭಾಭಾ ಚದರಿಕೆ. ಪುಂಜದ ದಿಕ್ಕಿನಿಂದ ಅತಿ ಸಣ್ಣ ಕೋನದಲ್ಲಿ ಚದರಿದ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನುಗಳನ್ನು ಶೋಧಕದ ಎರಡು ಕೊನೆಗಳಲ್ಲಿಯೂ ಎಣಿಸುತ್ತಿದ್ದರು. ಕೋನ ತುಸುವೇ ಬದಲಾದರೂ ಎಣಿಕೆ ಬಹಳವಾಗಿ ಬದಲಾಗುವುದರಿಂದ, ಎಣಿಸುವ ಶೋಧಕದ ಒಳ ಅಂಚು ಎಲ್ಲಿದೆಯೆಂಬುದನ್ನು ಮಿಲಿಮೀಟರಿನ ನೂರನೆಯ ಒಂದು ಪಾಲಿನ ಮಟ್ಟದಲ್ಲಿ ತಿಳಿಯಬೇಕಾಗಿತ್ತು. ಓಪಲ್ ತಂಡದವರು ಟಂಗ್‌ಸ್ಟನ್ ಮತ್ತು ಸಿಲಿಕಾನ್ ಪದರಗಳಿಂದ ರಚಿಸಿದ ಶೋಧಕದಿಂದ ಪ್ರಯೋಗದ ಅನಿಶ್ಚಿತತೆಯನ್ನು ಶೇಕಡ ೦.೦೩೪ಕ್ಕೆ ಇಳಿಸಿದರು. ಸಿದ್ಧಾಂತದ ಲೆಕ್ಕದಲ್ಲಿ ಮಾತ್ರ ಶೇಕಡ ೦.೦೬೧ರ ಸುಮಾರಿನ ಅನಿಶ್ಚಿತತೆ ಉಳಿದುಕೊಂಡಿತು.

ಲೆಪ್ ಯಂತ್ರವನ್ನು ೨೦೦೦ದ ನವೆಂಬರಿನಲ್ಲಿ ನಿಲ್ಲಿಸಿದರು. ನಾಲ್ಕು ತಂಡಗಳ ಅಳತೆಗಳನ್ನೂ ಒಟ್ಟುಗೂಡಿಸಿದ ವರದಿ ೨೦೦೬ರಲ್ಲಿ ಪ್ರಕಟವಾಯಿತು. ಅದರಂತೆ ಹಗುರವಾದ ನ್ಯೂಟ್ರಿನೊಗಳ ಸಂಖ್ಯೆ ೨.೯೮೪೦ ± ೦.೦೦೮೨. ನಮ್ಮ ವಿದ್ಯಾರ್ಥಿ ಓದಿದ್ದ ಸಂಖ್ಯೆ ಇದೇ. ಮೂರಕ್ಕೂ ಇದಕ್ಕೂ ಇರುವ ಅಂತರ ಅನಿಶ್ಚಿತತೆಯ ಸುಮಾರು ಎರಡರಷ್ಟು. ಆಕಸ್ಮಿಕವೆಂದು ತಳ್ಳಿಹಾಕುವುದಕ್ಕೆ ತುಸು ಹೆಚ್ಚು, ಹೊಸ ಸಂಗತಿಯೆಂದು ಸಾರುವುದಕ್ಕೆ ತೀರ ಕಡಮೆ. ಈ ಕೊರತೆಯನ್ನು ನ್ಯೂಟ್ರಿನೊಗಳ ಇನ್ನಾವುದೋ ಗುಣದ ಸೂಚನೆಯೆಂದು ಓದುವುದಕ್ಕೂ ಅವಕಾಶವಿತ್ತು. ಹಾಗೆ ಓದಿದವರೂ ಉಂಟು.

೫. ತಿದ್ದುಪಡಿ

೨೦೧೯ರಲ್ಲಿ ವೂಟ್ಸಿನಾಸ್, ಪೆರೆಜ಼್, ಡ್ಯಾಮ್ ಮತ್ತು ಜಾನೊ ಎಂಬ ನಾಲ್ವರು ಒಂದು ಅಂಶವನ್ನು ತೋರಿಸಿಕೊಟ್ಟರು. ಸಣ್ಣ ಕೋನದಲ್ಲಿ ಚದರಿದ ಎಲೆಕ್ಟ್ರಾನು ಹೊರಗೆ ಬರುವಾಗ, ಎದುರಿನಿಂದ ಬರುತ್ತಿರುವ ಪಾಸಿಟ್ರಾನ್ ಗುಂಪಿನ ಬಳಿಯೇ ಹಾದುಹೋಗುತ್ತದೆ. ವಿರುದ್ಧ ವಿದ್ಯುದಂಶದ ಆ ಗುಂಪು ಅದನ್ನು ಸ್ವಲ್ಪ ಒಳಕ್ಕೆ ಸೆಳೆಯುತ್ತದೆ. ಪಾಸಿಟ್ರಾನಿಗೂ ಎಲೆಕ್ಟ್ರಾನ್ ಗುಂಪಿನಿಂದ ಹಾಗೆಯೇ ಆಗುತ್ತದೆ. ಇದರಿಂದ ಶೋಧಕದ ಒಳ ಅಂಚಿನಲ್ಲಿ ಬೀಳಬೇಕಾದ ಕೆಲವು ಕಣಗಳು ಅಂಚಿನ ಒಳಗಡೆ ತಪ್ಪಿಸಿಕೊಂಡು ಹೋಗುತ್ತವೆ. ಎಣಿಕೆ ಕಡಮೆಯಾಗಿ, ಲುಮಿನಾಸಿಟಿ ಇದ್ದುದಕ್ಕಿಂತ ಶೇಕಡ ೦.೧ರಷ್ಟು ಕಡಮೆಯೆಂದು ಲೆಕ್ಕಕ್ಕೆ ಬಂದಿತ್ತು. ಭಾಜಕ ಕಡಮೆಯಾದಾಗ ಭಾಗಲಬ್ಧ ಹೆಚ್ಚುವಂತೆ, ಜ಼ಡ್ ಶಿಖರ ಇದ್ದುದಕ್ಕಿಂತ ಎತ್ತರವಾಗಿ ತೋರಿತು. ಶಿಖರ ಎತ್ತರವಾದುದರಿಂದ ನ್ಯೂಟ್ರಿನೊಗಳ ಸಂಖ್ಯೆ ಕಡಮೆಯಾಗಿ ತೋರಿತು. ಈ ದೋಷವನ್ನು ತಿದ್ದಿದಾಗ ಸಂಖ್ಯೆ ೨.೯೯೧೮ ± ೦.೦೦೮೧ ಆಯಿತು. ಮರುವರ್ಷ ಜಾನೊ ಮತ್ತು ಪೋಲೆಂಡಿನ ಯಾದಖ್ ಅವರು ಭಾಭಾ ಚದರಿಕೆಯ ಸಿದ್ಧಾಂತದ ಲೆಕ್ಕವನ್ನೂ ಉತ್ತಮಪಡಿಸಿ, ಅದರ ಅನಿಶ್ಚಿತತೆಯನ್ನು ಶೇಕಡ ೦.೦೩೭ಕ್ಕೆ ಇಳಿಸಿ, ಸಂಖ್ಯೆಯನ್ನು ೨.೯೯೬೩ ± ೦.೦೦೭೪ ಎಂದು ನಿರ್ಣಯಿಸಿದರು. ಮೂರಕ್ಕೆ ಇರುವ ಅಂತರ ಈಗ ಅನಿಶ್ಚಿತತೆಯ ಅರ್ಧದಷ್ಟು ಮಾತ್ರ.

ಇಲ್ಲಿ ಮೂರು ವಿಚಾರಗಳನ್ನು ಮುಂದಿಡಬಯಸುತ್ತೇವೆ.

ಮೊದಲನೆಯದು ಸಾಕ್ಷಿಗಳ ಸ್ವಾತಂತ್ರ್ಯ. ನಾಲ್ಕು ಶೋಧಕಗಳು, ನಾಲ್ಕು ತಂಡಗಳು, ಬೇರೆಬೇರೆ ಉಪಕರಣಗಳು. ಆದುದರಿಂದ ನಾಲ್ಕು ಸ್ವತಂತ್ರ ಸಾಕ್ಷ್ಯಗಳೆಂದು ಭಾವಿಸುವುದು ಸಹಜ. ಆದರೆ ನಾಲ್ಕರಲ್ಲಿಯೂ ಡಿಕ್ಕಿಹೊಡೆದುವು ಅವೇ ಪುಂಜಗಳು. ನಾಲ್ಕು ತಂಡಗಳೂ ಭಾಭಾ ಚದರಿಕೆಯನ್ನೇ ಎಣಿಸಿದುವು. ಲೆಕ್ಕಕ್ಕೆ ಬಳಸಿದ ಗಣಕಕ್ರಮವೂ ನಾಲ್ಕಕ್ಕೂ ಒಂದೇ. ಪ್ರತ್ಯೇಕವಾದ ತಪ್ಪುಗಳು ಸರಾಸರಿಯಲ್ಲಿ ಕರಗುತ್ತವೆ, ಸಮಾನವಾದ ತಪ್ಪು ಕರಗುವುದಿಲ್ಲ. ನ್ಯಾಯವಾಗಿ ಹೇಳುವುದಾದರೆ, ಸಿದ್ಧಾಂತದ ಅನಿಶ್ಚಿತತೆ ಎಲ್ಲರಿಗೂ ಸಮಾನವೆಂಬುದನ್ನು ೨೦೦೬ರ ವರದಿ ತಿಳಿದೇ ಲೆಕ್ಕಹಾಕಿತ್ತು. ಆದರೆ ಯಾರ ಮನಸ್ಸಿಗೂ ಬಾರದ ದೋಷ ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಸಂಖ್ಯೆಯ ಮುಂದಿನ ಅನಿಶ್ಚಿತತೆ, ನಾವು ಪಟ್ಟಟ್ಟಂಥ ಸಂದೇಹಗಳ ಮೊತ್ತವೇ ಹೊರತು ಪಡಬೇಕಾದ ಸಂದೇಹಗಳ ಮೊತ್ತವಲ್ಲ. ಒಂದೇ ಮೂಲದಿಂದ ನಕಲಾದ ನಾಲ್ಕು ಓಲೆಪ್ರತಿಗಳು ಒಂದೇ ಪಾಠವನ್ನು ಕೊಟ್ಟರೆ ಆ ಪಾಠಕ್ಕೆ ಒಂದೇ ಸಾಕ್ಷಿಯೆಂದು ಗ್ರಂಥಸಂಪಾದಕರು ಎಣಿಸುವ ಕ್ರಮ ಇಲ್ಲಿಯೂ ಯುಕ್ತವಾದುದು.

ಎರಡನೆಯದು, ಚರಿತ್ರಕಾರನು ಕೇಳಲೇಬೇಕಾದ ಒಂದು ಕಹಿಪ್ರಶ್ನೆ. ತಿದ್ದುಪಡಿಗಳೆರಡೂ ಸಂಖ್ಯೆಯನ್ನು ನಿರೀಕ್ಷಿತವಾದ ಮೂರರ ಕಡೆಗೇ ಒಯ್ದುವು. ಆಕಸ್ಮಿಕವಾಗಿ ಮೊದಲೇ ಮೂರಕ್ಕೆ ಸಮೀಪವಾದ ಸಂಖ್ಯೆ ಬಂದಿದ್ದರೆ ಯಾರಾದರೂ ದೋಷವನ್ನು ಹುಡುಕುತ್ತಿದ್ದರೆ? ನಿರೀಕ್ಷೆಗೆ ಹೊಂದದ ಆಧಾರವನ್ನು ಮಾತ್ರ ಕಠಿನವಾಗಿ ಪರೀಕ್ಷಿಸಿ, ಹೊಂದುವುದನ್ನು ಸುಮ್ಮನೆ ಒಪ್ಪುವುದು ನಮ್ಮ ಶಾಸ್ತ್ರದಲ್ಲಿಯೂ ಹಳೆಯ ವ್ಯಾಧಿ. ಈ ಸಂದೇಹಕ್ಕೆ ಸ್ವಲ್ಪಮಟ್ಟಿನ ಸಮಾಧಾನವುಂಟು. ಸರ್ನ್‌ನಲ್ಲಿ ಆಲೋಚನೆಯಲ್ಲಿರುವ ಇನ್ನೂ ದೊಡ್ಡದಾದ ಎಲೆಕ್ಟ್ರಾನ್-ಪಾಸಿಟ್ರಾನ್ ವರ್ತುಲದಲ್ಲಿ ಲುಮಿನಾಸಿಟಿಯನ್ನು ಹೇಗೆ ಅಳೆಯಬೇಕೆಂದು ಅಭ್ಯಾಸ ಮಾಡುತ್ತಿದ್ದಾಗ, ಈ ಸೆಳೆತದ ಪರಿಣಾಮ ಮುಖ್ಯವಾದುದೆಂದು ಕಂಡು, ಅದನ್ನೇ ಹಿಂದಿನ ಲೆಪ್‌ಗೆ ಅನ್ವಯಿಸಿದರು. ಅಲ್ಲದೆ ಆ ಸೆಳೆತ ವಿದ್ಯುತ್ತಿನ ಸಾಮಾನ್ಯ ನಿಯಮದಿಂದಲೇ ಬರತಕ್ಕದ್ದು. ಅದರ ಗಾತ್ರವನ್ನು ನ್ಯೂಟ್ರಿನೊಗಳ ಸಂಖ್ಯೆಯನ್ನು ನೋಡದೆಯೇ ಲೆಕ್ಕಹಾಕಬಹುದು. ಆದುದರಿಂದ ತಿದ್ದುಪಡಿ ಪಕ್ಷಪಾತದ್ದಲ್ಲವೆಂದು ಒಪ್ಪುತ್ತೇವೆ. ಪ್ರಶ್ನೆಯನ್ನು ಕೇಳಬೇಕಾಗಿತ್ತೆಂಬುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಮೂರನೆಯದು ದಾಖಲೆಗಳ ವಿಚಾರ. ತಿದ್ದುಪಡಿ ಬಂದ ಕಾಲಕ್ಕೆ ಯಂತ್ರ ನಿಂತು ಹತ್ತೊಂಬತ್ತು ವರ್ಷಗಳಾಗಿದ್ದುವು. ಅದನ್ನು ಬಿಚ್ಚಿ ತೆಗೆದು, ಅದೇ ಸುರಂಗದಲ್ಲಿ ಎಲ್.ಎಚ್.ಸಿ. ಯಂತ್ರವನ್ನು ಸ್ಥಾಪಿಸಿ, ೨೦೦೮ರಲ್ಲಿ ಅದಕ್ಕೆ ಮೊದಲ ಪುಂಜವನ್ನೂ ಹಾಯಿಸಿಯಾಗಿತ್ತು. ಪ್ರಯೋಗವನ್ನು ಮತ್ತೆ ಮಾಡುವಂತಿರಲಿಲ್ಲ. ಉಳಿದಿದ್ದುವು ದಾಖಲೆಗಳು: ಪುಂಜಗಳ ಗಾತ್ರವೇನು, ಒಂದೊಂದು ಗುಂಪಿನಲ್ಲಿ ಕಣಗಳೆಷ್ಟು, ಶೋಧಕದ ಅಂಚು ಯಾವ ಕೋನದಲ್ಲಿತ್ತು, ಯಾವ ವರ್ಷ ಎಷ್ಟು ಸಂಗ್ರಹವಾಯಿತು ಎಂಬ ವಿವರಗಳನ್ನು ನಾಲ್ಕು ತಂಡಗಳೂ ಬರೆದು ಪ್ರಕಟಿಸಿದ್ದುವು. ಅಂದು ಅನಾವಶ್ಯಕವಾದ ವಿಸ್ತಾರವೆಂದು ತೋರಿರಬಹುದಾದ ಆ ಪುಟಗಳೇ ಇಂದು ತಪ್ಪನ್ನು ತಿದ್ದಲು ಸಹಾಯಕವಾದುವು. ತಮ್ಮ ಫಲಿತಾಂಶವನ್ನು ಮುಂದಿನವರು ಖಂಡಿಸಲು ಬೇಕಾದ ಸಾಮಗ್ರಿಯನ್ನು ತಾವೇ ಒದಗಿಸಿಹೋದವರನ್ನು ನಾವು ಗೌರವದಿಂದ ಕಾಣಬೇಕು. ಫಲಿತಾಂಶವನ್ನು ಅಚ್ಚುಮಾಡಿಸಿ, ಪ್ರಯೋಗಪುಸ್ತಕಗಳನ್ನೂ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನೂ ರದ್ದಿಗೆ ಹಾಕುವ ಅಭ್ಯಾಸ ನಮ್ಮ ವಿದ್ಯಾಲಯಗಳಲ್ಲಿ, ವಿಜ್ಞಾನ ವಿಭಾಗಗಳಲ್ಲಿಯೂ ನಮ್ಮಂಥ ಚರಿತ್ರೆಯ ವಿಭಾಗಗಳಲ್ಲಿಯೂ, ಇಲ್ಲವೆಂದು ಹೇಳಲಾಗುವುದಿಲ್ಲ. ಈ ಪ್ರಸಂಗ ನಮಗೆ ಮುಟ್ಟುವುದು ಇಲ್ಲಿಯೇ.

೬. ಉಪಸಂಹಾರ

ಪೂರ್ಣಾಂಕ ಮೂರೆಂಬುದು ೧೯೮೯ರಲ್ಲಿಯೇ ತಿಳಿದಿರುವಾಗ ದಶಾಂಶದ ಎರಡನೆಯ ಮೂರನೆಯ ಸ್ಥಾನಗಳಿಗೆ ಇಷ್ಟು ವಿಚಾರವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಉತ್ತರವಿಷ್ಟೆ: ಹೊಸ ಸಂಗತಿಗಳು ಅಡಗಿರಬಹುದಾದ ತಾವು ಆ ಸ್ಥಾನಗಳೇ. ಅಲ್ಲಿ ಸುಳ್ಳು ಸುಳಿವನ್ನು ನಿಜವಾದ ಸುಳಿವಿನಿಂದ ಬೇರ್ಪಡಿಸಲಾಗದಿದ್ದರೆ ಇಡೀ ಪ್ರಯಾಸ ವ್ಯರ್ಥ. ಅಷ್ಟೇ ಅಲ್ಲ, ಕೊರತೆಯೊಂದನ್ನು ಕಂಡ ಕೂಡಲೇ ಹೊಸ ಸಿದ್ಧಾಂತವನ್ನು ಹೂಡುವುದಕ್ಕಿಂತ ಮೊದಲು ಅಳತೆಗೋಲನ್ನು ಪರೀಕ್ಷಿಸಬೇಕೆಂಬ ಪಾಠ ಎಲ್ಲ ಶಾಸ್ತ್ರಗಳಿಗೂ ಸಮಾನವಾದುದು.

ಭಾಭಾ ಅವರು ೧೯೬೬ರ ಜನವರಿಯಲ್ಲಿ ಜಿನೀವಾದ ಸಮೀಪದ ಮಾಂಟ್ ಬ್ಲಾಂಕ್ ಶಿಖರದ ಮೇಲೆ ವಿಮಾನ ಅಪಘಾತದಲ್ಲಿ ಮಡಿದರು. ಅವರ ಲೆಕ್ಕ ಆ ಪ್ರದೇಶದಲ್ಲಿಯೇ ಅಳತೆಗೋಲಾಗಿ ನಿಂತುದನ್ನು ಅವರು ಕಾಣಲಿಲ್ಲ. ಆ ಅಳತೆಗೋಲನ್ನು ನಂಬಿದವರು ಇದ್ದಂತೆ, ಅದನ್ನು ಹಿಡಿದ ಕೈ ಎಲ್ಲಿ ಅಲುಗಿತೆಂದು ಸಂದೇಹಿಸಿ ನೋಡಿದವರೂ ಇದ್ದರೆಂಬುದು ಅವರ ಹೆಸರಿಗೆ ಸಂದ ಮರ್ಯಾದೆಯೆಂದೇ ನಾವು ತಿಳಿಯುತ್ತೇವೆ.

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ. ನ್ಯೂಟ್ರಿನೊಗಳ ಬಗೆಗಳನ್ನು ಎಣಿಸಿದರೆ ಮೂರು, ೨.೯೮೪೦ ಎಂಬುದು ೨೦೦೬ರಲ್ಲಿ ಪ್ರಾಮಾಣಿಕವಾಗಿ ಮಾಡಿದ ಅಳತೆ, ೨.೯೯೬೩ ಎಂಬುದು ಅದೇ ದಾಖಲೆಗಳನ್ನು ೨೦೨೦ರಲ್ಲಿ ಇನ್ನೂ ಎಚ್ಚರದಿಂದ ಓದಿದ ಫಲ. ಮುಂದೆ ಇದೂ ತಿದ್ದುಪಡಿಗೆ ಒಳಗಾಗಬಹುದು. ನಾವು ತರಗತಿಯಲ್ಲಿ ಮೂರು ಎಂದು ಹೇಳುವಾಗ ಈ ಎರಡು ಸಂಖ್ಯೆಗಳನ್ನೂ ಅವುಗಳ ಮುಂದಿನ ಅನಿಶ್ಚಿತತೆಗಳನ್ನೂ ಕರಿಹಲಗೆಯ ಮೇಲೆ ಬರೆಯಬೇಕು. ಮುಂದಿನ ವರ್ಷದಿಂದ ನಾವಂತೂ ಹಾಗೆಯೇ ಬರೆಯಲಿದ್ದೇವೆ.